ಗೌರತ್ತೆಯ ಕೆಂಡದ ದೋಸೆ

ಶಿಕಾರಿಪುರದ ನಮ್ಮ ಓಣಿಯಲ್ಲಿ ಗ್ಯಾಸಿನ ಒಲೆ ಇದ್ದ ಮನೆಯನ್ನು ಬೆರಳು ಮಾಡಿ ತೋರಿಸುತ್ತಿದ್ದ ದಿನಗಳು ಅವು. ಉಳಿದ ಮನೆಗಳಲ್ಲೆಲ್ಲ ಸೌದೆ ಒಲೆ, ಅವಸರದ ಚಹಾಕ್ಕೆ ಸೀಮೆಎಣ್ಣೆ ಸ್ಟೋವು. ಬೆಳಗ್ಗೆ ಓಣಿಯ ಈ ತುದಿಯಿಂದ ಆ ತುದಿಗೆ ನಡೆದರೆ ಯಾರ ಮನೆಯಲ್ಲಿ ರೊಟ್ಟಿ, ಯಾರ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ, ಯಾರ ಮನೆಯಲ್ಲಿ ಹಾಲು ಸೀದು ಸೊಸೆಗೆ ಬೈಗುಳ ಬೀಳುತ್ತಿದೆ ಎನ್ನುವುದೆಲ್ಲ ಗೊತ್ತಾಗುತ್ತಿತ್ತು. ನಿಮ್ಮ ಓಣಿಯೂ ಹಾಗೇ ಇದ್ದಿರಬಹುದು. ಆಗಿನ್ನೂ ತೊಂಬತ್ತರ ದಶಕದ ಶುರು. ನಾನು ನಾಲ್ಕನೇ ಕ್ಲಾಸು.

ನಮ್ಮ ಮನೆಯ ಅಡುಗೆ ಗೌರತ್ತೆಯದು. ಅವಳು ಅಪ್ಪನ ತಂಗಿ. ಇಪ್ಪತ್ತಾರು ದಾಟಿತ್ತು, ಮದುವೆಯಾಗಿರಲಿಲ್ಲ. ಜಾತಕ ಕೂಡಲಿಲ್ಲ ಎಂದು ಒಂದು ಸಂಬಂಧ, ಹುಡುಗಿ ಕಪ್ಪು ಎಂದು ಇನ್ನೊಂದು ಸಂಬಂಧ ಕೈತಪ್ಪಿ ಹೋಗಿದ್ದವು. ಅವ್ವ ಮೇಲುಕೆಲಸ, ದನ, ತಮ್ಮನ ಅಳು ನೋಡಿಕೊಂಡರೆ ಗೌರತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ಅವಳ ಕೈಯ ಅಡುಗೆ ತಿಂದವರು ಇನ್ನೊಮ್ಮೆ ಕೇಳಿ ಬಡಿಸಿಕೊಳ್ಳುತ್ತಿದ್ದರು. ಹಾಗಿದ್ದೂ ಅವಳಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಕರ್ಪೂರ, ಸೀಮೆಎಣ್ಣೆ, ಮಲ್ಲಿಗೆ, ಕೊಳೆತ ಈರುಳ್ಳಿ, ಎಲ್ಲವೂ ಅವಳ ಪಾಲಿಗೆ ಒಂದೇ.

ಈ ಗುಟ್ಟು ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ಸಲ ಜೋಳದ ಚೀಲಗಳ ಹಿಂದೆ ಇಲಿ ಸತ್ತು ನಾರುತ್ತಿತ್ತು. ನಾನು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ ಗೌರತ್ತೆ ಅದೇ ಚೀಲಕ್ಕೆ ಒರಗಿ ಕೂತು ನಿರಾಳವಾಗಿ ಅಕ್ಕಿ ಆರಿಸುತ್ತಿದ್ದಳು. “ಅತ್ತೆ, ನಾರ್ತಿಲ್ವಾ?” ಎಂದೆ. “ಏನು?” ಎಂದಳು. ನನ್ನ ಮುಖ ನೋಡಿದವಳು ಕೈ ಹಿಡಿದು ಹಿತ್ತಿಲಿಗೆ ಎಳೆದೊಯ್ದಳು. ಹೈಸ್ಕೂಲು ಮುಗಿಸಿದ ವರ್ಷ ದೊಡ್ಡ ಜ್ವರ ಬಂದಿತ್ತಂತೆ. ಜ್ವರ ಬಿಟ್ಟಿತು, ವಾಸನೆ ತಿರುಗಿ ಬರಲಿಲ್ಲ. ನೆಗಡಿ ಇರಬೇಕು, ಹೋಗುತ್ತದೆ ಎಂದು ಕಾದು ಕಾದು, ಆಮೇಲೆ ಹೇಳುವುದಕ್ಕೇ ಹೆದರಿ, ಹೆತ್ತ ತಾಯಿ, ನಮ್ಮ ಅಜ್ಜಿಗೂ ಹೇಳದೆ ಉಳಿದುಬಿಟ್ಟಿದ್ದಳು.

“ಯಾರ ಹತ್ರನೂ ಬಾಯಿ ಬಿಡಬ್ಯಾಡ ಶೈಲಾ. ಹುಡುಗಿಗೆ ಐಬು ಐತಿ ಅಂತ ಒಬ್ರ ಬಾಯಿಗೆ ಬಿದ್ರೆ ಮುಗೀತು.”

“ಐಬು ಅಂದ್ರೆ?”

“ಕುಂಟು, ಕುರುಡು ಅಂತಾರಲ್ಲ, ಅಂಥಾದ್ದು.”

“ಮೂಗಿಗೂ ಐಬು ಇರ್ತತಾ?”

“ನಂಗಿಲ್ವೇನೇ ಮತ್ತೆ?” ಎಂದು ನಕ್ಕುಬಿಟ್ಟಳು. ನಾನೂ ನಕ್ಕೆ. ದೊಡ್ಡವರ ಗುಟ್ಟೊಂದು ಸಿಕ್ಕಿತೆಂಬ ಜಂಬದಲ್ಲಿ ಅದರ ಭಾರ ನನಗೆ ತಿಳಿಯಲಿಲ್ಲ.

ಅವಳು ಅಡುಗೆ ಮಾಡುತ್ತಿದ್ದದ್ದು ಕಣ್ಣಿನಿಂದ, ಕಿವಿಯಿಂದ, ಬೆರಳಿನಿಂದ. ಸಾಸಿವೆ ಸಿಡಿಯುವುದು ನಿಂತ ಕೂಡಲೇ ಬೆಳ್ಳುಳ್ಳಿ ಹಾಕುತ್ತಿದ್ದಳು. ರವೆ ಹುರಿದದ್ದು ಸಾಕೋ ಬೇಕೋ ಎಂದು ಚಿಟಿಕೆ ತೆಗೆದು ಉಜ್ಜಿ ನೋಡುತ್ತಿದ್ದಳು. ಹಾಲಿನ ಮೇಲಿನಿಂದ ಕಣ್ಣು ತೆಗೆಯುತ್ತಲೇ ಇರಲಿಲ್ಲ. ಹೀಗೆ ಎಲ್ಲವನ್ನೂ ನಿಭಾಯಿಸಿಕೊಂಡವಳಿಗೆ ನಿಭಾಯಿಸಲಾಗದ ತಿಂಡಿ ಒಂದೇ ಒಂದಿತ್ತು. ಅದು ಕೆಂಡದ ದೋಸೆ.

ಕೆಂಡದ ದೋಸೆ ನಮ್ಮ ಅಜ್ಜಿಯ ತವರಿನ ತಿಂಡಿ. ಅಜ್ಜಿ ಸೊರಬದ ಕಡೆಯವಳು. ನೆನೆಸಿದ ಅಕ್ಕಿಯನ್ನು ತರಿತರಿಯಾಗಿ ಬೀಸಿ, ಬಲಿತ ಸೌತೆಕಾಯಿಯ ತುರಿ, ಬೆಲ್ಲ, ಕಾಯಿ, ಏಲಕ್ಕಿ ಹಾಕಿ ಕಲಸಬೇಕು. ದಪ್ಪ ತಳದ ಪಾತ್ರೆಗೆ ಬಾಳೆಎಲೆ ಹಾಸಿ, ಹಿಟ್ಟು ಹೊಯ್ದು, ಮೇಲೊಂದು ಎಲೆ ಮುಚ್ಚಿ, ಕಬ್ಬಿಣದ ತಟ್ಟೆ ಇಡಬೇಕು. ಕೆಳಗೂ ಕೆಂಡ, ತಟ್ಟೆಯ ಮೇಲೂ ಕೆಂಡ. ಹೆಸರಿಗೆ ದೋಸೆಯಾದರೂ ಅಂಗೈ ದಪ್ಪ ಬರುತ್ತಿತ್ತು. ತೊಂದರೆ ಏನೆಂದರೆ, ಒಮ್ಮೆ ಮೇಲೆ ಕೆಂಡ ಸುರಿದ ಮೇಲೆ ತಟ್ಟೆ ಎತ್ತಿ ನೋಡುವ ಹಾಗಿಲ್ಲ. ಎತ್ತಿದರೆ ಬೂದಿ ಒಳಗೆ ಬೀಳುತ್ತದೆ, ಉಬ್ಬಿದ ದೋಸೆ ಕುಸಿದು ಹಸಿಯಾಗಿ ಉಳಿಯುತ್ತದೆ. ಅಲ್ಲಿ ಕಣ್ಣಿಗೂ ಕಿವಿಗೂ ಕೆಲಸವಿಲ್ಲ. ಕೆಂಡ ಒಂದು ದಿನ ಜೋರು, ಒಂದು ದಿನ ಮೆತ್ತಗೆ, ಹಾಗಾಗಿ ಹೊತ್ತು ಲೆಕ್ಕ ಹಾಕಿಯೂ ಪ್ರಯೋಜನವಿಲ್ಲ. ಮೊದಲು ಹಸಿ ಅಕ್ಕಿಯ ವಾಸನೆ ಬರುತ್ತದೆ, ಆಮೇಲೆ ಕರಗಿದ ಬೆಲ್ಲದ್ದು, ಕೊನೆಗೆ ಎಲೆಯ ಅಂಚು ಬಾಡಿ ಸುಡುವ ಘಮ. ಆ ಘಮ ಬಂದ ಗಳಿಗೆಯಲ್ಲೇ ಕೆಂಡ ತೆಗೆದುಬಿಡಬೇಕು.

ಅಲ್ಲಿ ನಾನು ಬೇಕಾಗುತ್ತಿದ್ದೆ. ಮಗ್ಗಿ ಬಾಯಿಪಾಠ ಮಾಡುವ ನೆಪದಲ್ಲಿ ಒಲೆಯ ಪಕ್ಕ ಕೂತು ಮೆಲ್ಲಗೆ ಹೇಳುತ್ತಿದ್ದೆ: “ಅತ್ತೆ, ಬೆಲ್ಲ ಬಂತು.” ಇನ್ನಷ್ಟು ಹೊತ್ತಾದ ಮೇಲೆ, “ಅತ್ತೆ, ಎಲೆ.” ಅವಳು ಇಕ್ಕಳ ಹಿಡಿದು ಕೆಂಡ ತೆಗೆಯುತ್ತಿದ್ದಳು. ದೋಸೆಯ ಅಂಚಿನ ಕೆಂಪು ತುಂಡು ನನಗೆ ಸಂಬಳ.

ಸೊರಬದ ಹತ್ತಿರದ ಉಳವಿಯ ಸಂಬಂಧ ಬಂದಾಗ ಮನೆಯಲ್ಲಿ ಎಲ್ಲರ ಮುಖವೂ ಅರಳಿತು. ಹುಡುಗನಿಗೆ ಗದ್ದೆ ಇತ್ತು, ಜೊತೆಗೆ ಹಿಟ್ಟಿನ ಗಿರಣಿ. ತಂದೆ ಇರಲಿಲ್ಲ, ತಾಯಿ ಇದ್ದರು. ಫೋಟೋ ನೋಡಿ ಒಪ್ಪಿ, ಭಾನುವಾರ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದ್ದರು. ಹುಡುಗನ ಫೋಟೋ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಗೌರತ್ತೆ ಆ ವಾರವಿಡೀ ಗುನುಗುತ್ತ ಓಡಾಡಿದಳು. ಅವಳು ಗುನುಗಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಕೇಸರಿಬಾತು, ಉಪ್ಪಿಟ್ಟು ಮಾಡಿದ್ರಾತು,” ಎಂದಳು ಅವ್ವ. ಅವ್ವನ ಮಾತು ಕೇಳಿದ್ದರೆ ಎಷ್ಟು ಚೆನ್ನಾಗಿತ್ತು!

ಅಜ್ಜಿ ಬಿಡಲಿಲ್ಲ. “ಉಪ್ಪಿಟ್ಟು ಎಲ್ಲಾರ ಮನ್ಯಾಗೂ ಮಾಡ್ತಾರೆ. ಬರೋರು ನನ್ನ ತವರಿನ ಕಡೆಯೋರು. ನಮ್ಮ ಹುಡುಗಿ ಕೆಂಡದ ದೋಸೆ ಮಾಡ್ತಾಳೆ ಅಂದ್ರೆ ಅವ್ರು ಮರು ಮಾತಾಡಂಗಿಲ್ಲ.”

ಗೌರತ್ತೆ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ. ಅವರು ಬರುವಷ್ಟರಲ್ಲಿ ದೋಸೆ ಮುಗಿಸಿ ಇಳಿಸುವುದೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು.

ಎಂದೂ ಹೊತ್ತಿಗೆ ಸರಿಯಾಗಿ ಬಾರದ ಸೊರಬದ ಬಸ್ಸು ಆ ಭಾನುವಾರ ಹೊತ್ತಿಗೆ ಮುಂಚೆಯೇ ಬಂತು. ತಟ್ಟೆಯ ಮೇಲೆ ಆಗಷ್ಟೇ ಕೆಂಡ ಸುರಿದಿದ್ದಳು ಗೌರತ್ತೆ. ಹೊರಗೆ ಅಪ್ಪನ “ಬರ್ರಿ ಬರ್ರಿ” ಕೇಳಿಸಿತು. ಅವ್ವ ಪಕ್ಕದ ಮನೆಗೆ ಸ್ಟೀಲ್ ತಟ್ಟೆ ಕೇಳಿ ತರಲು ಹೋಗಿದ್ದಳು. “ಶೈಲಾ, ನೀರಿನ ತಂಬಿಗೆ ತಗೊಂಡು ಬಾರೇ” ಎಂದು ಅಜ್ಜಿ ಕೂಗಿದಳು.

“ಕೊಟ್ಟು ಬಂದ್ಬಿಡು,” ಎಂದಳು ಗೌರತ್ತೆ. ಹಸಿರು ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ಒಲೆಯ ಬಿಸಿಗೆ ಬೆವರುತ್ತಿದ್ದಳು. “ಬೇಗ ಬಾ.”

ಪಡಸಾಲೆಯಲ್ಲಿ ಹುಡುಗ, ಅವನ ತಾಯಿ, ಅಷ್ಟೇ. ತಂಬಿಗೆ ಇಟ್ಟು ತಿರುಗುವಷ್ಟರಲ್ಲಿ ಆ ತಾಯಿ ನನ್ನ ಕೈ ಹಿಡಿದು ತೊಡೆಯ ಮೇಲೆ ಕೂರಿಸಿಕೊಂಡರು. ಒಳ್ಳೆಯ ಹೆಂಗಸು, ಅದರಲ್ಲಿ ಅನುಮಾನವಿಲ್ಲ. “ಎಂತ ಹೆಸರು ಮಗಾ ನಿಂದು? ನಮ್ಮನೆಗೆ ಬರ್ತೀಯನೇ ನಿಮ್ಮತ್ತೆ ಸಂತಿಗೆ?” ಎಂದು ತಲೆ ಸವರಿದರು. ಅಪ್ಪನಿಗೆ ಹುರುಪು ಬಂತು. “ಪದ್ಯ ಚೆಂದ ಹೇಳ್ತಾಳ್ರೀ. ಹೇಳಮ್ಮ.”

ನಾನು ಪದ್ಯ ಹೇಳಿದೆ. ಎರಡನೇ ಸಾಲಿಗೆ ಬೆಲ್ಲದ ವಾಸನೆ ಬಂತು. ಪದ್ಯ ಮುಗಿಸಿ ಏಳಹೋದರೆ ಆ ತಾಯಿ, “ಇನ್ನೊಂದು ಹೇಳೇ” ಎಂದರು. ಅಪ್ಪ ಕಣ್ಣಲ್ಲೇ ಗದರಿದ. ಇನ್ನೊಂದನ್ನು ಗಡಗಡ ಹೇಳತೊಡಗಿದೆ. ಎಲೆಯ ಘಮ ಬಂತು. ಈಗ, ಈಗಲೇ ಇಳಿಸಬೇಕು! ಅಜ್ಜಿಯತ್ತ ನೋಡಿದೆ. ಜೀವಮಾನವೆಲ್ಲ ನಸ್ಯ ಏರಿಸಿದ ಮೂಗು ಅವಳದು, ಅದಕ್ಕೇನು ಗೊತ್ತಾದೀತು? ಪದ್ಯದ ನಡುವೆಯೇ ಕೊಸರಿಕೊಂಡು ಇಳಿದು ಒಳಗೆ ಓಡಿದೆ.

ಗೌರತ್ತೆ ಒಲೆಯ ಮುಂದೆ ಇಕ್ಕಳ ಹಿಡಿದು, ಒಲೆಗೆ ಬೆನ್ನು ಮಾಡಿ, ಬಾಗಿಲನ್ನೇ ನೋಡುತ್ತ ಕೂತಿದ್ದಳು. ಅವಳ ಹಿಂದೆ ತಟ್ಟೆಯ ಸಂದಿಯಿಂದ ಹೊಗೆ ಏಳುತ್ತಿತ್ತು. ಆ ಮುಖವನ್ನು ನಾನು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದೇನೆ.

“ಅತ್ತೆ, ಸುಟ್ಟುಹೋತು!”

ಗಾಬರಿಯಲ್ಲಿ ತಟ್ಟೆ ಎಳೆದಳು. ಅದು ವಾಲಿ, ಕೆಂಡ, ಬೂದಿ ಎಲ್ಲ ದೋಸೆಯ ಮೇಲೆ ಸುರಿಯಿತು. ಎಲೆ ಕರಿಕಾಗಿತ್ತು, ಬೆಲ್ಲ ತಳದಲ್ಲಿ ಸೀದು ಕಪ್ಪಾಗಿತ್ತು. ಹೊಗೆ ಪಡಸಾಲೆಯವರೆಗೆ ಹೋಯಿತು. ಅಜ್ಜಿ ಓಡಿ ಬಂದು ನೋಡಿ ಎದೆ ಎದೆ ಬಡಿದುಕೊಂಡಳು. “ಒಲಿ ಮುಂದೆ ಕೂತು ಇದೇನೇ ಮಾಡಿದಿ? ಮೂಗೇನು ಸತ್ತಿತ್ತಾ?” ಬೈಗುಳಕ್ಕೆಂದು ಆಡಿದ ಮಾತು ಅದು. ಗೌರತ್ತೆ ಚೆಲ್ಲಿದ ಕೆಂಡವನ್ನು ಇಕ್ಕಳದಲ್ಲಿ ಆರಿಸತೊಡಗಿದಳು.

ಅಜ್ಜಿ ಗಟ್ಟಿಗಿತ್ತಿ. ಮೇಲಿನ ಕರಿಕು ಕೆರೆದು, ನಡುವಿನ ನಾಲ್ಕು ತುಂಡು ಕೊಯ್ದು, ತುಪ್ಪ ಸುರಿದು ತಟ್ಟೆಗಿಟ್ಟಳು. ನನ್ನನ್ನೂ ಪಡಸಾಲೆಗೆ ಎಳೆದುಕೊಂಡು ಹೋಗಿ ನಗುನಗುತ್ತಲೇ, “ಈ ಮಂಗ್ಯಾ ಓಡಿ ಬಂದು ತಟ್ಟಿ ತಳ್ಳಿಬಿಡ್ತು ನೋಡ್ರಿ. ಕೆಂಡ ಎಲ್ಲಾ ಒಳಗೆ ಬಿತ್ತು. ನಮ್ಮ ಗೌರೀದು ತಪ್ಪಿಲ್ಲ” ಎಂದಳು.

ಅಪ್ಪ ನನ್ನ ಕಿವಿ ಹಿಂಡಿ ಕೆನ್ನೆಗೊಂದು ಬಿಟ್ಟ. ಬಂದವರ ಮುಂದೆ ಮರ್ಯಾದೆ ಹೋದ ಸಿಟ್ಟು ಅವನಿಗೆ. “ಹೇಳು, ಯಾಕ್ ತಳ್ಳಿದಿ?” ನಾನು ಬಾಯಿ ಬಿಡಲಿಲ್ಲ. ಹೇಳಬೇಡ ಎಂದಿದ್ದಳಲ್ಲ. ಇನ್ನೊಂದು ಏಟು ಬಿತ್ತು. ಕಣ್ಣಲ್ಲಿ ನೀರು ತುಂಬಿ ಪಡಸಾಲೆಯೆಲ್ಲ ಮಸುಕಾಯಿತು.

“ಅಣ್ಣ, ಅದನ್ನ ಹೊಡೀಬ್ಯಾಡ.”

ಅಡುಗೆಮನೆಯ ಬಾಗಿಲಲ್ಲಿ ಗೌರತ್ತೆ ನಿಂತಿದ್ದಳು. ಯಾರೂ ಕರೆಯದೆ ಹೆಣ್ಣು ಹೊರಗೆ ಬರುವ ಪದ್ಧತಿಯೇ ಇರಲಿಲ್ಲ. ತಲೆ ತಗ್ಗಿಸಿಯೇ ಇದ್ದಳು. ದನಿ ಮಾತ್ರ ತಗ್ಗಿರಲಿಲ್ಲ.

“ಮಗು ತಪ್ಪೇನೂ ಇಲ್ಲ. ನಂಗೆ ವಾಸನೆ ಗೊತ್ತಾಗಂಗಿಲ್ಲ. ಜ್ವರ ಬಂದಾಗಿಂದ ಗೊತ್ತಾಗಂಗಿಲ್ಲ. ಯಾವಾಗ್ಲೂ ಅದೇ ನಂಗೆ ಹೇಳ್ತಿತ್ತು.”

ಆ ತಾಯಿ ಅವಳತ್ತ ತಿರುಗಿ ಕೇಳಿದರು. “ಎಂತದೂ ಗೊತ್ತಾಗದಿಲ್ವನಮ್ಮ? ಹಾಲು ಸೀದ್ರೂ?”

“ಇಲ್ಲ.”

“ಹೊಗೆ ಬಂದ್ರೂ?”

“ಇಲ್ರೀ.”

“ಅವ್ವ, ಹೋಗ್ಲಿ ಬಿಡು,” ಎಂದಿತು ಗಂಡುದನಿಯೊಂದು. ಹುಡುಗ ಆಡಿದ್ದು ಅಷ್ಟೇ. ಹೋಗಲಿ, ಅದೇನು ದೊಡ್ಡ ವಿಷಯ ಎಂದನೋ, ಇಲ್ಲಿಗೇ ಬಿಡು, ಹೊರಡೋಣ ಎಂದನೋ, ಇವತ್ತಿಗೂ ನನಗೆ ತಿಳಿಯದು. “ನೀ ಸುಮ್ನಿರಾ,” ಎಂದರು ತಾಯಿ. ಇಬ್ಬರೂ ಒಂದೊಂದು ತುಂಡು ಮುರಿದು ಬಾಯಿಗಿಟ್ಟುಕೊಂಡರು. ಚಹಾ ಕುಡಿದರು. “ಮನೇಲಿ ಹಿರೇರನ್ನ ಕೇಳಿ ಹೇಳಿ ಕಳಿಸ್ತೀವ್ರೀ” ಎಂದು ಕೈಮುಗಿದು ಬಸ್‌ಸ್ಟ್ಯಾಂಡಿಗೆ ಹೊರಟರು.

ಅವರು ಹೇಳಿ ಕಳಿಸಲಿಲ್ಲ. ಗೌರತ್ತೆ ಹೆದರಿದ್ದ ಐಬು ಎಂಬ ಮಾತು ಮಾತ್ರ ಸೊರಬದಿಂದ ತಿರುಗಿ ನಮ್ಮ ಓಣಿಗೇ ಬಂತು. ಹೆಂಗಸರು ಸಕ್ಕರೆ ಕೇಳುವ ನೆಪದಲ್ಲಿ ಬಂದು, ಸೆರಗಿನಿಂದ ಕರ್ಪೂರ ತೆಗೆದು ಅವಳ ಮೂಗಿಗೆ ಹಿಡಿದು, “ಇದೂ ಗೊತ್ತಾಗಲ್ಲೇನೇ?” ಎನ್ನುತ್ತಿದ್ದರು. ಮೊದಮೊದಲು “ಇಲ್ಲಕ್ಕ” ಎನ್ನುತ್ತಿದ್ದಳು. ಬರಬರುತ್ತ ಸುಮ್ಮನೆ ಎದ್ದು ಒಳಗೆ ಹೋಗತೊಡಗಿದಳು. ಅವರ ಮೇಲೆ ನನಗೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಒಬ್ಬಾಕೆಯ ಚಪ್ಪಲಿಯನ್ನು ಗಟಾರಕ್ಕೆ ಎಸೆದಿದ್ದೆ. ಅದಕ್ಕೆ ಇಂದಿಗೂ ಪಶ್ಚಾತ್ತಾಪವಿಲ್ಲ.

ಇನ್ನೆರಡು ವರ್ಷಕ್ಕೆ ನಮ್ಮ ಮನೆಗೂ ಗ್ಯಾಸು ಬಂತು. ಸಿಲಿಂಡರು ಇಳಿಸಿದ ದಿನವೇ ಅಪ್ಪ, “ಗೌರಿ ಒಬ್ಬಳನ್ನೇ ಒಳಗೆ ಬಿಡಬ್ಯಾಡ್ರಿ. ಸೋರಿದ್ರೂ ತಿಳಿಯಂಗಿಲ್ಲ ಅವಳಿಗೆ” ಎಂದ. ಅಪ್ಪ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ದುಃಖ. ಓಣಿಯಲ್ಲೇ ಚೆಂದ ಅಡುಗೆ ಮಾಡುತ್ತಿದ್ದವಳು ಹೊರಗಿನ ಕಟ್ಟೆಗೆ ಬಂದು ಕೂತಳು. ಅಕ್ಕಿ ಆರಿಸಿದಳು, ಬತ್ತಿ ಹೊಸೆದಳು, ನನ್ನ ತಮ್ಮನನ್ನು ಬೆಳೆಸಿದಳು. ಆಮೇಲೆ ಯಾವ ಸಂಬಂಧವೂ ಬರಲಿಲ್ಲ. ಕೆಂಡದ ದೋಸೆಯ ಹೆಸರನ್ನು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಅಜ್ಜಿಯೊಂದಿಗೆ ಅದೂ ಹೋಯಿತು.

ನನ್ನ ಮದುವೆಯ ಹಿಂದಿನ ದಿನ ಗೌರತ್ತೆ ನನಗೆ ಜಡೆ ಹೆಣೆಯುತ್ತಿದ್ದಳು. ಆಗ ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಹಿಂದಿನಿಂದ ಮೆಲ್ಲಗೆ ಕೇಳಿದಳು.

“ಶೈಲಾ, ಅವ್ರು ಹೆಂಗಿದ್ರು?”

“ಯಾರತ್ತೆ?”

“ಉಳವಿಯಿಂದ ಬಂದಿದ್ರಲ್ಲ. ನಾನು ತಲೆ ಎತ್ತಿ ನೋಡ್ಲೇ ಇಲ್ಲ. ನೀನು ಹತ್ರ ಕೂತಿದ್ದಿ.”

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆ ತಾಯಿಯ ಸೀರೆಯ ಅಂಚು ನೆನಪಿತ್ತು, ಅವರ ಬಳೆ ನನ್ನ ಮೊಣಕೈಗೆ ಒತ್ತಿದ್ದು ನೆನಪಿತ್ತು. ಅವನ ಮುಖ ಮಾತ್ರ ಇಲ್ಲ. ಪದ್ಯ ಹೇಳುವಾಗ ನನ್ನ ಧ್ಯಾನವೆಲ್ಲ ಒಳಗಿನ ಒಲೆಯ ಮೇಲಿತ್ತು, ಆಮೇಲೆ ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳಬಹುದಿತ್ತು. ಅವಳಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿರಲಿಲ್ಲ.

“ನೆನಪಿಲ್ಲತ್ತೆ.”

“ಇರ್ಲಿ ತಗಾ,” ಎಂದು ಜಡೆಗೆ ಹೂ ಸುತ್ತಿದಳು. ಎರಡೂ ಕೈಯಲ್ಲಿ ನನ್ನ ತಲೆ ಹಿಡಿದು ನೆಟ್ಟಗೆ ಮಾಡಿದಳು.

ಗೌರತ್ತೆ ಹೋಗಿ ಮೂರು ಮಳೆಗಾಲ ಕಳೆದವು. ಈಗ ನನ್ನ ಅಡುಗೆಮನೆಯಲ್ಲಿ ಗಾಜಿನ ಬಾಗಿಲಿನ ಓವನ್ ಇದೆ. ಬೇಯುವುದನ್ನು ಹೊರಗಿನಿಂದಲೇ ನೋಡಬಹುದು, ಹೊತ್ತಾದರೆ ತಾನೇ ಗಂಟೆ ಬಾರಿಸುತ್ತದೆ. ಅದರ ಮುಂದೆ ಯಾರೂ ಯಾರನ್ನೂ ಕಾಯುತ್ತ ಕೂರಬೇಕಾಗಿಲ್ಲ. ಕೆಲಸದ ಮೇಲೆ ಆಗಾಗ ಸೊರಬದ ಬಸ್ಸು ಹತ್ತುತ್ತೇನೆ. ಉಳವಿಯ ಕಡೆ ಇಳಿಯುವ ಅರವತ್ತರ ಗಂಡಸರ ಮುಖವನ್ನು ಒಂದೊಂದಾಗಿ ನೋಡುತ್ತೇನೆ. ಅಂಗಿಯ ಮೇಲೆ ಹಿಟ್ಟಿನ ಧೂಳಿದೆಯೇ, ದನಿ ಹೇಗಿದೆ ಎಂದು ಕಿವಿಗೊಡುತ್ತೇನೆ. ಒಂದು ದಿನ ಅವನು ಸಿಕ್ಕರೂ ಸಿಗಬಹುದು. ಸಿಕ್ಕಿದರೆ ಈಗ ಯಾರಿಗೆ ಹೋಗಿ ಹೇಳಲಿ, ಹೀಗಿದ್ದರು ಅತ್ತೆ ಎಂದು?