ಗಂಗಕ್ಕ ಆರಿಸಿಕೊಂಡ ರಿವಾಲ್ವರು

ಯಾರಾದರೂ ಸಲಹೆ ಕೊಡಲು ಶುರು ಮಾಡಿದರೆ ಗಂಗಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು, ಗಲ್ಲಕ್ಕೆ ಕೈ ಹಚ್ಚಿಕೊಂಡು, ಕೊನೆಯ ಮಾತಿನವರೆಗೂ ಕೇಳುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: "ನೀವು ಮಾಡಿ ನೋಡೀರೇನ್ರೀ?" ಅದರಲ್ಲಿ ಕೊಂಕು ಇರುತ್ತಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು. ಆದರೂ ಎದುರಿದ್ದವರು ಚಹಾದ ಕಪ್ಪಿನೊಳಗೆ ನೋಡತೊಡಗುತ್ತಿದ್ದರು.

ವಿಜಯಪುರದ ಗಂಗಕ್ಕ ಅಮೆರಿಕದ ಬರ್ಕ್ಲಿಯಲ್ಲಿ ಕಲ್ಲುಹೂವಿನ ಸಂಶೋಧಕಿ. ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಬಂಧುಬಳಗವೆಲ್ಲ ಅವರಿಗೆ ಹೆಸರು ಹಿಡಿದು ಗೊತ್ತಿತ್ತು. ಮೈಸೂರಿನಿಂದ ಹೋದ ನಾನು ಅವರ ಲ್ಯಾಬಿನಲ್ಲಿದ್ದೆ. ಆ ವರ್ಷ ಮಾದರಿ ತರಲು ಅಲಾಸ್ಕಾದ ಒಂದು ಕಣಿವೆಗೆ ಹೋಗಬೇಕಿತ್ತು. ಪುಟ್ಟ ವಿಮಾನ ನಮ್ಮನ್ನು ಇಳಿಸಿ ಹೋದರೆ ಅದು ಮತ್ತೆ ಬರುವವರೆಗೆ ನಾವಿಬ್ಬರೇ. ಕಂದು ಕರಡಿಗಳ ಜಾಗ ಅದು. ಹಿಂದಿನ ಬೇಸಿಗೆಯಲ್ಲಿ ಅಲ್ಲಿ ಒಬ್ಬ ಸಂಶೋಧಕನನ್ನು ಕರಡಿ ಎಳೆದಾಡಿತ್ತು. ಅವನ ತೋಳು ಉಳಿಯಲಿಲ್ಲ.

ಪ್ರಯಾಣ ಗೊತ್ತಾದಂದಿನಿಂದ ಸ್ಯಾನ್ ರಮೋನಿನ ಗಂಗಕ್ಕನ ಮನೆಯಲ್ಲಿ ಊಟದ ಮೇಜಿನ ಮಾತೆಲ್ಲ ಗನ್ನಿನದೇ. "ಎಲ್ಲಾಕ್ಕಿಂತ ದೊಡ್ಡದು ತಗೋ. ಐನೂರು ಕ್ಯಾಲಿಬರು! ಕರಡಿ ಮುಂದ ಕಂಜೂಸಿ ಯಾಕ?" ಎಂದರು ಗಂಡ ಶಿವಾನಂದ. ಮಗಳು ಫೋನಿನಿಂದ ತಲೆ ಎತ್ತದೆ, "ಅಮ್ಮಾ, ಪ್ಲೀಸ್, ಜಸ್ಟ್ ಟೇಕ್ ದ ಸ್ಪ್ರೇ" ಎಂದಳು. ಕರಡಿಯ ಮುಖಕ್ಕೆ ಹೊಡೆಯುವ ಖಾರದ ಸ್ಪ್ರೇಯೇ ಗನ್ನಿಗಿಂತ ವಾಸಿ ಎಂದು ಲ್ಯಾಬಿನವರದೂ ವಾದ. ಅಂಗಡಿಯವನು ಹತ್ತು ಮಿಲಿಮೀಟರಿನ ಪಿಸ್ತೂಲು ತೋರಿಸಿ, ಹಗುರ, ಗುಂಡೂ ಜಾಸ್ತಿ ಎಂದ. ಗುಂಡು ಹಾರಿಸುವುದನ್ನು ಕಲಿಸುತ್ತಿದ್ದ ಬಿಳಿಗಡ್ಡದವನು ಮಾತ್ರ ನಲವತ್ತನಾಲ್ಕು ಮ್ಯಾಗ್ನಮ್ ರಿವಾಲ್ವರು ಅಂದ: "ಒಂದು ಗುಂಡು ಹಾರದಿದ್ದರೆ ಮತ್ತೆ ಟ್ರಿಗರು ಎಳೆಯಿರಿ, ಅಷ್ಟೇ." ಗಂಗಕ್ಕ ತಮ್ಮ ಪ್ರಶ್ನೆಯನ್ನು ಅವನಿಗೂ ಕೇಳಿದರು. ಅವನು, "ಒಮ್ಮೆ. ನಿಮಗೆ ಆ ಸಂದರ್ಭ ಬರದಿರಲಿ" ಎಂದ.

ಗಂಗಕ್ಕ ಎಲ್ಲವನ್ನೂ ಹಾರಿಸಿ ನೋಡಿದರು. ಗಂಡ ಹೇಳಿದ ದೊಡ್ಡದು ಒಂದೇ ಏಟಿಗೆ ಅವರ ಕೈಗಳನ್ನು ಹಣೆಯವರೆಗೆ ಎತ್ತಿ ಒಗೆಯಿತು. "ಎರಡನೇ ಗುಂಡಿಗೆ ನಾ ಗುರಿ ಹುಡಕೂದ್ರಾಗ ಕರಡಿ ಊಟಾ ಮುಗಸಿರತೈತಿ" ಎಂದು ಕೆಳಗಿಟ್ಟರು. ಅವರ ಸಣ್ಣ ಮುಂಗೈಯ ಹಿಡಿತ ಸಾಲದೆ ಪಿಸ್ತೂಲಿನೊಳಗೆ ಗುಂಡು ಮತ್ತೆ ಮತ್ತೆ ಸಿಕ್ಕಿಹಾಕಿಕೊಂಡಿತು. ಕೊನೆಗೆ ಉಳಿದದ್ದು ಆ ಭಾರದ ರಿವಾಲ್ವರು. ಜೊತೆಗೆ ಸ್ಪ್ರೇಯನ್ನೂ ತೆಗೆದುಕೊಂಡರು. ಆ ವಸಂತವಿಡೀ ಅಭ್ಯಾಸ ಮಾಡಿ ಅವರ ಅಂಗೈ ದಡ್ಡುಗಟ್ಟಿತು.

ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಕರಡಿಗೆ ಅವರ ಎದೆಯ ಮೇಲೆ ಸದಾ ಇರುತ್ತಿತ್ತು. ರಿವಾಲ್ವರಿನ ಚರ್ಮದ ಚೀಲವನ್ನು ಅದರ ಕೆಳಗೇ ಬಿಗಿದುಕೊಂಡು ಕನ್ನಡಿಯಲ್ಲಿ ನೋಡಿಕೊಂಡರು. "ಇದೂ ಕರಡಿಗೆ, ಅದೂ ಕರಡಿಗೆ" ಎಂದು ನಕ್ಕರು. ಶಿವಾನಂದ ನಗಲಿಲ್ಲ.

ಕಣಿವೆಯಲ್ಲಿ ಕೆಲವು ದಿನ ಸದ್ದಿಲ್ಲದೆ ಕಳೆದವು. ಒಂದು ಮಧ್ಯಾಹ್ನ ಹೊಳೆಯ ಪಕ್ಕದ ಬಂಡೆಯಿಂದ ಕಲ್ಲುಹೂವು ಕೆರೆಯುತ್ತಿದ್ದಾಗ ಎದುರು ದಡದ ಪೊದೆ ಅಲುಗಿತು. ಕರಡಿ ನೀರಿಗಿಳಿಯಿತು. ಅವಸರವೇನೂ ಇರಲಿಲ್ಲ ಅದಕ್ಕೆ.

"ಪವಿತ್ರಾ, ನನ್ನ ಹಿಂದ ಬಾ. ಓಡಬ್ಯಾಡ."

ನಾನು ಸ್ಪ್ರೇ ತೆಗೆದೆ. ಗಾಳಿ ನಮ್ಮ ಮುಖಕ್ಕೇ ಬೀಸುತ್ತಿತ್ತು. ಹೊಡೆದರೆ ಕುರುಡಾಗುವವರು ನಾವು. ಗಂಗಕ್ಕ ರಿವಾಲ್ವರು ಎತ್ತಿ ಹಿಡಿದು, ಮನೆ ಬಾಗಿಲಿಗೆ ಬಂದವರಿಗೆ ಹೇಳುವಂತೆ, "ಹೋಗಪ್ಪಾ. ಬ್ಯಾಡ, ಹೋಗು" ಎನ್ನುತ್ತ ಮೆಲ್ಲಗೆ ಹಿಂದೆ ಸರಿದರು. ನಾನೂ ಸರಿದೆ. ಅದು ಬಂತು. ಮೊದಲ ಗುಂಡನ್ನು ಅವರು ನೀರಿಗೆ ಹಾರಿಸಿದರು. ಕರಡಿ ನಿಂತು, ಕಿವಿ ಹಿಂದಕ್ಕೆ ಮಡಚಿ, ತಲೆ ತಗ್ಗಿಸಿತು. ಮರುಕ್ಷಣ ನುಗ್ಗಿತು. ಆಮೇಲೆ ಹಾರಿದ ಗುಂಡುಗಳನ್ನು ನಾನು ಎಣಿಸಲಿಲ್ಲ. ಅದು ಬಿದ್ದ ರಭಸಕ್ಕೆ ಚಿಮ್ಮಿದ ಮರಳು ನಮ್ಮ ಬೂಟಿಗೆ ಬಡಿಯಿತು.

ಗಂಗಕ್ಕ ರಿವಾಲ್ವರನ್ನು ನನ್ನತ್ತ ಚಾಚಿದರು. ನಾನು ತೆಗೆದುಕೊಂಡೆ.

ಸ್ಯಾಟಲೈಟ್ ಫೋನಿನಲ್ಲಿ ವನ್ಯಜೀವಿ ಅಧಿಕಾರಿ ಮೊದಲು ನಮ್ಮ ಕ್ಷೇಮ ಕೇಳಿದ. ಆಮೇಲೆ ಅಲ್ಲಿನ ಕಾನೂನು ಹೇಳಿದ: ಜೀವರಕ್ಷಣೆಗೆ ಕೊಂದ ಕರಡಿಯ ಚರ್ಮವನ್ನೂ ತಲೆಬುರುಡೆಯನ್ನೂ ಕೊಂದವರೇ ಬಿಡಿಸಿ ಸರ್ಕಾರಕ್ಕೆ ಒಪ್ಪಿಸಬೇಕು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಗಂಗಕ್ಕ, ಎಲ್ಲಿಂದ ಕೊಯ್ಯಬೇಕು, ಹೇಗೆ ಎಳೆಯಬೇಕು ಎಂದು ಅವನಿಂದ ಎರಡೆರಡು ಸಲ ಕೇಳಿಕೊಂಡರು.

"ನೀ ಡೇರೆಗೆ ಹೋಗು. ಇದು ನನ್ನ ಕೆಲಸ."

"ನಾನೂ ಇರ್ತೀನಿ ಅಕ್ಕಾ."

ಚರ್ಮದಡಿ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಬಾಯಿ ತೆರೆದು ನೋಡಿದರೆ ಹಲ್ಲುಗಳು ಒಸಡಿನವರೆಗೆ ಸವೆದಿದ್ದವು. "ಮುದುಕ ಆಗಿತ್ತು ನೋಡವ್ವಾ. ಹಸದಿತ್ತು" ಎಂದವರೇ ಗಂಗಕ್ಕ ಅಳತೊಡಗಿದರು. ಅಳುತ್ತಲೇ ಚಾಕು ನಡೆಸಿದರು. ಕಣ್ಣೊರೆಸಿಕೊಳ್ಳಲು ಅವರ ಕೈ ಸ್ವಚ್ಛವಿರಲಿಲ್ಲ. ನನ್ನ ತೋಳಿನಿಂದ ನಾನೇ ಒರೆಸಿದೆ. ಮರುದಿನ ಬೆಳಿಗ್ಗೆ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮುಂಚೆ ಆ ಕೊರೆಯುವ ಹೊಳೆಯಲ್ಲಿ ಅವರು ಕೈ ತೊಳೆಯುತ್ತಲೇ ಇದ್ದರು. ನಾನು ಹೋಗಿ ಎಬ್ಬಿಸಿಕೊಂಡು ಬಂದೆ.

ವಾಪಸು ಬಂದ ಮೇಲೆ ಬೇ ಏರಿಯಾದ ಕನ್ನಡಿಗರ ನಡುವೆ ಅವರು 'ಕರಡಿ ಹೊಡೆದ ಗಂಗಕ್ಕ' ಆದರು. ಹುಟ್ಟುಹಬ್ಬ, ಗೃಹಪ್ರವೇಶ, ಎಲ್ಲಿ ಕಂಡರೂ ಗಂಡಸರು ಸುತ್ತುವರಿದು ಗನ್ನಿನ ವಿಚಾರ ಎತ್ತುತ್ತಿದ್ದರು. ಗಂಗಕ್ಕ ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಕೆಲವು ವರ್ಷಗಳ ನಂತರ ಅವರಿಗೆ ಕ್ಯಾನ್ಸರು ಬಂತು. ಕೊನೆಯ ಸಲ ನೋಡಲು ಹೋದಾಗ ಕಿಟಕಿಯ ಪಕ್ಕ ಹಾಸಿಗೆ ಹಾಕಿದ್ದರು. ಯೂನಿಯನ್ ಸಿಟಿಯಿಂದ ಒಬ್ಬ ಪರಿಚಯದವರೂ ಬಂದಿದ್ದರು. ಆರೋಗ್ಯ ವಿಚಾರಿಸಿ, ತಾವು ಅಲಾಸ್ಕಾಕ್ಕೆ ಹೊರಟಿರುವುದನ್ನು ಹೇಳಿ, "ಮೇಡಂ, ನಿಮ್ಮ ಎಕ್ಸ್‌ಪೀರಿಯೆನ್ಸಲ್ಲಿ ಕರಡಿಗೆ ಯಾವ ಗನ್ನು ಬೆಸ್ಟು?" ಎಂದು ಕೇಳಿದರು.

"ನಾ ಒಂದಽ ಕರಡಿ ನೋಡೀನ್ರೀ" ಎಂದರು ಗಂಗಕ್ಕ. "ಅದರ ಬಗ್ಗೆ ಕೇಳಿದ್ರ ಹೇಳ್ತೀನಿ."

ಬಂದವರು ಕೇಳಲಿಲ್ಲ. ಫ್ರೀವೇ ಟ್ರಾಫಿಕ್ಕಿನ ಮಾತಾಡಿ ಎದ್ದು ಹೋದರು. ನಾನು ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು, "ಹೇಳಿ ಅಕ್ಕಾ" ಎಂದೆ.

"ಒಂದು ಕಿವಿ ಹರದಿತ್ತು" ಎಂದು ಶುರು ಮಾಡಿದರು. "ಯಾವಾಗೋ ಸಣ್ಣದಿದ್ದಾಗ ಹರದಿದ್ದು. ಗಾಯದ ಮ್ಯಾಲೆ ಕೂದಲಾ ಬೆಳದು ಬೆಳ್ಳಗಾಗಿದ್ವು..." ಮುಂಗಾಲಿನ ಮುರಿದ ಉಗುರು, ಮೈಮೇಲೆ ಅಂಟಿದ್ದ ಹಣ್ಣಿನ ಬೀಜ, ನೀರಿಗಿಳಿಯುವ ಮುಂಚೆ ಅದು ಮೂಗೆತ್ತಿ ಗಾಳಿ ಮೂಸಿದ ರೀತಿ. ಅಂದು ನಾನು ಅವರ ಬೆನ್ನ ಹಿಂದೆಯೇ ಇದ್ದೆ, ಇದಾವುದನ್ನೂ ಗಮನಿಸಿರಲಿಲ್ಲ. ಉಸಿರು ಸಿಕ್ಕದೆ ನಡುನಡುವೆ ನಿಲ್ಲುತ್ತಿದ್ದರು. ನಾನು ಕಾಯುತ್ತಿದ್ದೆ. ಶಿವಾನಂದ ಔಷಧಿ ತಂದು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

ಅದೇ ವಾರ ಗಂಗಕ್ಕ ಹೋದರು.