ಗಾರ್ಡ್ ದೇವಿಂದ್ರ ಸಿನಿಮಾ ನಿಲ್ಲಿಸಿದ್ದು

ವಾಡಿಯಲ್ಲಿ ಹಳಿಯ ಪಕ್ಕ ಮನೆ ಮಾಡಿದವರು ಮಾತಾಡುವ ರೀತಿಯೇ ಬೇರೆ. ಗಾಡಿ ಬಂದರೆ ಇದ್ದಲ್ಲೇ ಮಾತು ನಿಲ್ಲಿಸುತ್ತಾರೆ. ಕೊನೆಯ ಡಬ್ಬಿ ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ಜಗಳಕ್ಕೂ ಇದೇ ಕ್ರಮ. ಅನಸುಬಾಯಿ ಗಂಡನಿಗೆ "ನಿಮ್ಗ ಬುದ್ಧಿ" ಎನ್ನುವಷ್ಟರಲ್ಲಿ ಸಿಮೆಂಟಿನ ಗಾಡಿ ಬಂತೆಂದರೆ, ಅದು ತನಗೆ ಇದೆಯೋ ಇಲ್ಲವೋ ಎಂಬ ತೀರ್ಪಿಗೆ ದೇವಿಂದ್ರ ಅಷ್ಟೂ ಡಬ್ಬಿ ಹೋಗುವ ತನಕ ಕಾಯಬೇಕು.

ದೇವಿಂದ್ರ ಗೂಡ್ಸ್ ಗಾಡಿಯ ಗಾರ್ಡ್. ಈಚೆಗೆ ಆ ಕೆಲಸಕ್ಕೆ ಟ್ರೇನ್ ಮ್ಯಾನೇಜರ್ ಎಂದು ಹೆಸರಿಟ್ಟಿದ್ದಾರೆ. ಬಾವುಟಗಳು ಮಾತ್ರ ಅವೇ, ಕೆಂಪು ಒಂದು, ಹಸಿರು ಒಂದು. ಐನಾಪುರದ ಹೊಲ ಬಿಟ್ಟು ಈ ನೌಕರಿ ಹಿಡಿದಂದಿನಿಂದ ಅವನು ಕೊನೆಯ ಡಬ್ಬಿಯಲ್ಲಿ ನಿಂತು ಎಲ್ಲ ಊರನ್ನೂ ಎಲ್ಲರಿಗಿಂತ ಕೊನೆಗೆ ಮುಟ್ಟುತ್ತ ಬಂದಿದ್ದಾನೆ. ಹಾಗಾಗಿ ಅವಸರ ಅವನಿಗೆ ಗೊತ್ತಿಲ್ಲ. ಊಟ ಮಾಡಿ ಏಳುವಾಗಲೂ ಒಮ್ಮೆ ಹಿಂದೆ ಮುಂದೆ ನೋಡಿ, ಎಲ್ಲ ಸರಿಯಿದೆ ಎಂದು ಕೈ ಎತ್ತುತ್ತಾನೆ.

ಅವನನ್ನು ಕಾಡುತ್ತಿದ್ದದ್ದು ಒಂದು ಸಿನಿಮಾ. ಬಹಳ ವರ್ಷದ ಹಿಂದೆ ಅನಸುಬಾಯಿ ಅದನ್ನು ಟೀವಿಯಲ್ಲಿ ನೋಡುತ್ತಿದ್ದಳು. ಊರು ಬಿಟ್ಟುಹೋದ ಅಣ್ಣ ಕೊನೆಗೆ ತಂಗಿಯ ಹೊಸ್ತಿಲಲ್ಲಿ ಬಂದು ನಿಲ್ಲುತ್ತಾನೆ, ಏನೋ ಒಂದು ಮಾತು ಹೇಳುತ್ತಾನೆ, ತಂಗಿ ನಗುತ್ತ ಅಳುತ್ತಾಳೆ. ಸರಿಯಾಗಿ ಆ ಮಾತಿನ ಮೇಲೆ ಗೂಡ್ಸ್ ಗಾಡಿಯೊಂದು ಹಾದುಹೋಯಿತು. ಅದರ ಕೊನೆಯ ಡಬ್ಬಿಯಲ್ಲಿ ನಿಂತು ಮನೆಯತ್ತ ಖುಷಿಯಿಂದ ಹಸಿರು ಬಾವುಟ ಬೀಸಿದವನು ದೇವಿಂದ್ರನೇ.

"ಅಣ್ಣ ಏನಂದಾಂತ ನನಗ ಗೊತ್ತಾಗದಂಗ ಮಾಡಿದವ್ರು ನೀವು," ಎಂದು ಅನಸುಬಾಯಿ ಇವತ್ತಿಗೂ ಹೇಳುತ್ತಾಳೆ. ಆ ಜಾಗಕ್ಕೆ ತಾನೇ ಒಂದು ಮಾತು ಕಟ್ಟಿ, ಕೇಳಿದವರಿಗೆಲ್ಲ ಕಥೆ ಪೂರ್ತಿ ಮಾಡಿ ಹೇಳುತ್ತ ಬಂದಿದ್ದಳು. ಆದರೂ ನಿಜವಾದದ್ದು ಏನೋ ಎಂಬುದು ಉಳಿದೇ ಇತ್ತು.

ಅದೇ ಸಿನಿಮಾ ಬರುವ ಭಾನುವಾರ ಮಧ್ಯಾಹ್ನ ಮತ್ತೆ ಬರುತ್ತದೆಂದು ಟೀವಿಯಲ್ಲಿ ಹೇಳಿದರು. ಟೀವಿಗೆ ಕಂಪ್ಯೂಟರ್ ಕೂಡಿಸಿದರೆ ನಡೆಯುತ್ತಿರುವ ಸಿನಿಮಾವನ್ನೂ ನಿಲ್ಲಿಸಬಹುದೆಂದು ಜೊತೆಯ ಗಾರ್ಡುಗಳಿಂದ ಕೇಳಿದ್ದ ದೇವಿಂದ್ರ, ರಜೆ ಹಾಕಿ ಶಹಾಬಾದಿನ ಕಲೀಮನ ಕಂಪ್ಯೂಟರ್ ಅಂಗಡಿಗೆ ಹೋದ. ಈ ಸಲ ಹೆಂಡತಿಗೆ ಆ ಮಾತು ಕೇಳಿಸಲೇಬೇಕು.

"ಬರ್ರಿ ಸಾಹೇಬ್ರ, ಕುಂದ್ರಿ. ಯಾ ಕೆಲ್ಸಕ್ಕ ಬೇಕು ಕಂಪ್ಯೂಟರ್?"

"ನಿಲ್ಲಸ್ಲಿಕ್ಕ."

ಕಲೀಮ್ ತಲೆ ಕೆರೆದುಕೊಂಡ. "ಎಲ್ಲಾರು ಜೋರ್ ಓಡಬೇಕಂತಾರ್ರಿ. ನಿಂದ್ರಬೇಕಂದವ್ರು ನೀವೇ ಮೊದ್ಲು."

"ಓಡಸೋದು ಡ್ರೈವರ್ ಕೆಲ್ಸ ತಮ್ಮಾ. ನಾ ಗಾರ್ಡ್."

ಕಲೀಮ್ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ತೆಗೆದಿಟ್ಟ. "ಇದು ಹಾಕಿದ್ರ ಗೇಮ್ ಭಾಳ ಮಸ್ತ್ ನಡೀತಾವ."

"ಬ್ಯಾಡಪಾ. ನಮ್ಮನ್ಯಾಗ ಆಟ ಆಡಸಾಕಿ ಬ್ಯಾರೇನೇ ಅದಾಳ."

ಹಾಗಾಗಿ ಚಿತ್ರ ತೋರಿಸುವ ಶಕ್ತಿ ತನ್ನೊಳಗೇ ಇರುವ ಸಣ್ಣ ಪ್ರೊಸೆಸರ್ ಸಾಕಾಯಿತು. ಮೆಮೊರಿ ಮಧ್ಯಮದ್ದು. ಕೇಬಲ್ ಡಬ್ಬಿಯಿಂದ ಬರುವ ಚಿತ್ರವನ್ನು ಒಳಗೆ ಎಳೆದು ಹಿಡಿದಿಡುವ ಒಂದು ಕಾರ್ಡ್ ಮಾತ್ರ ಒಳ್ಳೆಯದೇ ಬೇಕಿತ್ತು, ನಿಲ್ಲಿಸುವ ಆಟವೆಲ್ಲ ಅದರದೇ. ರಿಮೋಟನ್ನು ದೇವಿಂದ್ರನೇ ಆರಿಸಿದ: ನಿಲ್ಲಿಸುವ ಗುಂಡಿ ಹೆಬ್ಬೆರಳಿನಷ್ಟು ದಪ್ಪಗಿರಬೇಕು.

ಐದು ಸ್ಪೀಕರ್ ತೋರಿಸಿ ಕಲೀಮ್, "ಇವು ಗಾಡಿ ಸಪ್ಪಳಾನೂ ಮುಚ್ಚಿಬಿಡ್ತಾವ," ಎಂದಾಗ ಅವನ ಮನಸ್ಸು ಒಮ್ಮೆ ಹೊಯ್ದಾಡಿತು. ಗಾಡಿ ಹೋಗುವಾಗಲೇ ಅಡುಗೆಮನೆಯ ಸ್ಟೀಲಿನ ತಟ್ಟೆಗಳು ಕುಣಿಯುವುದು ನೆನಪಾಗಿ, ಇವೂ ಸೇರಿದರೆ ಬಿದ್ದೇ ಹೋಗುತ್ತವೆಂದು ಎರಡಕ್ಕೇ ತೃಪ್ತನಾದ.

ಜಾರಿಬಿದ್ದದ್ದು ಕಂಪ್ಯೂಟರನ್ನು ತಣ್ಣಗಿಡುವ ಫ್ಯಾನಿನ ವಿಷಯದಲ್ಲಿ. "ಇದರ ಸಪ್ಪಳಾನೇ ಬರಂಗಿಲ್ರಿ, ಕಿವಿ ಹಚ್ಚಿದ್ರೂ," ಎಂದ ಕಲೀಮ್. ನೌಕರಿಯನ್ನೆಲ್ಲ ಗಡಗಡ ಸದ್ದಿನಲ್ಲೇ ಕಳೆದವನಿಗೆ ಅದಕ್ಕಿಂತ ದೊಡ್ಡ ಪವಾಡ ಕಾಣಲಿಲ್ಲ. ಅಗ್ಗದ ಫ್ಯಾನನ್ನು ಅತ್ತ ಸರಿಸಿ ಇದನ್ನೇ ಹಿಡಿದ.

ಮರುದಿನ ಕಲೀಮ್ ಬಂದು ಎಲ್ಲ ಜೋಡಿಸಿಕೊಟ್ಟ. ದೇವಿಂದ್ರ ಬ್ಯಾಟರಿ ಹಿಡಿದು ಒಂದೊಂದು ತಂತಿಯ ಕೊಂಡಿಯನ್ನೂ ಡಬ್ಬಿ ತಪಾಸಣೆ ಮಾಡುವಂತೆ ನೋಡಿದ.

"ಇದು ನಡೀಲಿಕತ್ತದೇನ್ರಿ?" ಅನಸುಬಾಯಿ ಕೇಳಿದಳು.

"ನಡೀಲಿಕತ್ತದ. ಸಪ್ಪಳಿಲ್ಲದ ಫ್ಯಾನ್ ಅದು."

ಗಾಡಿ ಬಂತು. ಇಬ್ಬರೂ ಕಾದರು. ಕೊನೆಯ ಡಬ್ಬಿ ದಾಟಿದ ಮೇಲೆ ಅವಳೆಂದಳು, "ಭಾಳ ಛಲೋ ಮಾಡಿದ್ರಿ. ಈ ಮನ್ಯಾಗ ಫ್ಯಾನಿನ ಸಪ್ಪಳದ್ದೇ ಕಾಟ ಆಗಿತ್ತು."

ಭಾನುವಾರ ಪಕ್ಕದ ಮನೆಯ ಗುರುಲಿಂಗಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕಿ ಮಂಡಾಳದ ಸೂಸಲ ಮಾಡಿಕೊಂಡು ಬಂದು ಮುಂದಿನ ಜಾಗ ಹಿಡಿದಳು. ಸಿನಿಮಾ ನಡೆಯಿತು. ಅಣ್ಣ ಹೊಸ್ತಿಲಿಗೆ ಬಂದ, ಬಾಯಿ ತೆರೆದ. ಚಿತ್ತಾಪುರದ ಕಡೆಯಿಂದ ಹಾರ್ನ್ ಕೇಳಿತು.

"ಒತ್ತು," ಎಂದ ದೇವಿಂದ್ರ.

ಅನಸುಬಾಯಿ ಒತ್ತಿದಳು. ಅಣ್ಣ ಬಾಯಿ ತೆರೆದವನು ಹಾಗೇ ನಿಂತ. ತಟ್ಟೆಗಳು ಕುಣಿದವು, ಗಾಡಿ ಹೋಯಿತು. ಅನಸುಬಾಯಿ ಮತ್ತೆ ಒತ್ತಿದಳು.

"ರೈಲು ತಡವಾಯಿತಮ್ಮಾ," ಎಂದ ಅಣ್ಣ.

ಗುರುಲಿಂಗಮ್ಮನ ಸೂಸಲದ ಕೈ ಅರ್ಧದಲ್ಲೇ ನಿಂತಿತು. "ಇಷ್ಟೇ ಏನು? ಇದಕ್ಕ ಅಕಿ ಯಾಕ ಅತ್ತಳವ್ವಾ?"

ಅನಸುಬಾಯಿ ಗಂಡನತ್ತ ತಿರುಗಿದಳು. "ಅಲ್ಲೀನೂ ನಿಮ್ಮ ಗಾಡೀದೇ ತಪ್ಪು."

ಗುರುಲಿಂಗಮ್ಮ ಬಿದ್ದುಬಿದ್ದು ನಕ್ಕಳು. ಆದರೆ ಅನಸುಬಾಯಿ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟ ರೀತಿ ನೋಡಿ ದೇವಿಂದ್ರನಿಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಅವಳ ಹತ್ತಿರ ಒಂದು ಒಳ್ಳೆಯ ಮಾತಿತ್ತು. ಅಷ್ಟೆಲ್ಲ ಆರಿಸಿ ತಂದು, ಅದನ್ನೂ ಕಸಿದುಕೊಂಡೆನಲ್ಲ ಎನಿಸಿತು. ಸ್ವಲ್ಪ ಹೊತ್ತು ಹಣೆ ತಿಕ್ಕಿಕೊಂಡ. ಆಮೇಲೆ ರಿಮೋಟ್ ಎತ್ತಿ ಸಿನಿಮಾವನ್ನು ಹಿಂದೆ ಸರಿಸಿದ, ದನಿಯನ್ನು ಪೂರ್ತಿ ಇಳಿಸಿದ.

"ನೀ ಹೇಳು."

"ಏನ್ ಹೇಳ್ಲಿ?"

"ಇಷ್ಟು ವರ್ಷ ಏನ್ ಹೇಳ್ತಿದ್ದಿ, ಅದು."

ಅನಸುಬಾಯಿ ನಾಚಿಕೊಂಡು ಸೆರಗು ಎಳೆದುಕೊಂಡಳು, ಗಂಟಲು ಸರಿಮಾಡಿಕೊಂಡಳು. ಅಣ್ಣನ ಬಾಯಿ ತೆರೆಯಿತು.

"ತಂಗೀ, ನೀ ರೊಟ್ಟಿ ಹೊತ್ತಿಸಿದ ವಾಸನಿ ಊರಾಚೀತನ ಬಂದಿತ್ತವ್ವಾ. ಅದರ ಬೆನ್ನ ಹತ್ತಿ ಬಂದೆ, ಮನಿ ಸಿಕ್ತು."

ಪರದೆಯ ಮೇಲೆ ತಂಗಿ ನಕ್ಕಳು, ನಗುತ್ತಲೇ ಅತ್ತಳು. ಗುರುಲಿಂಗಮ್ಮ ಕಣ್ಣೊರೆಸಿಕೊಂಡಳು. ಮನೆಯಲ್ಲಿ ಚೂರೂ ಸದ್ದಿರಲಿಲ್ಲ. ದೇವಿಂದ್ರ ಕಂಪ್ಯೂಟರಿನ ಪೆಟ್ಟಿಗೆಯತ್ತ ಹೆಮ್ಮೆಯಿಂದ ನೋಡಿದ. ಆ ಫ್ಯಾನು ಕೆಲಸಕ್ಕೆ ಬಂದದ್ದು ಅದೇ ಮೊದಲು.

"ಇನ್ನೊಮ್ಮೆ ಹಚ್ಚು ತಮ್ಮಾ," ಎಂದಳು ಗುರುಲಿಂಗಮ್ಮ.

ದೇವಿಂದ್ರ ಮತ್ತೆ ಹಿಂದೆ ಸರಿಸಿದ. "ತಂಗೀ, ನೀ ರೊಟ್ಟಿ" ಎಂದಿದ್ದಳು ಅನಸುಬಾಯಿ, ಅಷ್ಟರಲ್ಲಿ ಗಾಡಿ ಬಂತು. ಅವನು ಅಣ್ಣನನ್ನು ಹೊಸ್ತಿಲಲ್ಲೇ ನಿಲ್ಲಿಸಿದ. ಅವಳೂ ನಿಂತಳು. ಕೊನೆಯ ಡಬ್ಬಿ ದಾಟಿತು. ದೇವಿಂದ್ರ ಒಮ್ಮೆ ಹಿಂದೆ ಮುಂದೆ ನೋಡಿ, ಕೈ ಎತ್ತಿದ.