ಲೇಬಲ್ ಅಕ್ಕನ ಉತ್ತರ

ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಲೇಬಲ್ ಅಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾದ ವರ್ಷವೇ ಕೆಲಸಕ್ಕೆ ಸೇರಿದವಳು, ಗಂಡ ತೀರಿಕೊಂಡ ಮೇಲೂ ಅದೇ ಮೆಷಿನ್ನಿನ ಮುಂದೆ ಕೂತಿದ್ದಳು. ಅಂಗಿಯ ಕಾಲರಿನ ಒಳಗೆ ಉಗುರಿನಷ್ಟು ಅಗಲದ ಲೇಬಲ್ ಹೊಲಿಯುವುದು ಅವಳ ಕೆಲಸ. ಅದರ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಗುರುತು, ಕೆಳಗೆ ಅವಳಿಗೆ ಬಾರದ ಭಾಷೆಯ ಒಂದು ಸಾಲು. ಅದರ ಅರ್ಥವನ್ನು ಸೂಪರ್‌ವೈಸರ್ ಒಮ್ಮೆ ಹೇಳಿದ್ದ: ಈ ಅಂಗಿ ಹೊಲಿದವರನ್ನು ಚೆನ್ನಾಗಿ ನೋಡಿಕೊಳ್ಳಲಾಗಿದೆ.

“ಹಾಗಂತ ನಮ್ಮನ್ನ ಯಾರಾದ್ರೂ ಕೇಳಿದ್ರಾ?” ಎಂದು ಪಕ್ಕದ ಮೆಷಿನ್ನಿನಲ್ಲಿದ್ದ ತಂಗಿ ನಕ್ಕಿದ್ದಳು. ಒಡಹುಟ್ಟಿದ ತಂಗಿ, ಅಕ್ಕನೇ ಅವಳನ್ನು ಕೆಲಸಕ್ಕೆ ಸೇರಿಸಿದ್ದು.

ಹೊಲಿಗೆಯ ಹಾಲಿಗೆ ಎರಡು ಬಾಗಿಲು. ಹಿಂದಿನದಕ್ಕೆ ಯಾವಾಗಲೂ ಬೀಗ. ಬಟ್ಟೆ ಕಳುವಾಗುತ್ತದೆಂದು ಮಾಲೀಕರಿಗೆ ಭಯ. ಒಂದು ಬೇಸಿಗೆಯಲ್ಲಿ ಇಸ್ತ್ರಿ ಮಾಡುವ ಕಡೆ ವೈರ್ ಸುಟ್ಟು ಹಾಲ್ ತುಂಬ ಹೊಗೆಯಾಯಿತು. ಅರ್ಧ ಜನ ಹಿಂದಿನ ಬಾಗಿಲಿಗೆ ಓಡಿದರು. ಬೆಂಕಿ ಬೇಗ ಆರಿತು, ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಆದರೆ ನೂಕುನುಗ್ಗಲಿನಲ್ಲಿ ಬಾಗಿಲಿಗೆ ಒತ್ತಿ ತಂಗಿಯ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡ ಮೇಲೂ ಕೈ ಮೊದಲಿನಂತೆ ತಿರುಗಲಿಲ್ಲ.

ಕೆಲವು ತಿಂಗಳ ನಂತರ ಲೇಬಲ್ಲಿನ ಮೇಲಿನ ಆ ಗುರುತು ಕೊಡುವ ಸಂಸ್ಥೆಯವರು ತಪಾಸಣೆಗೆ ಬಂದರು. ಅಂದು ಬೆಳಿಗ್ಗೆಯೇ ಬೀಗ ಮಾಯವಾಗಿತ್ತು, ನೆಲ ಫಳಫಳ ಹೊಳೆಯುತ್ತಿತ್ತು. “ಬಾಯಿಗೆ ಬಂದದ್ದು ಹೇಳಬೇಡಿ. ಆರ್ಡರ್ ಹೋದ್ರೆ ಎಲ್ಲರ ಹೊಟ್ಟೆ ಮೇಲೂ ಹೊಡೆತ,” ಎಂದು ಸೂಪರ್‌ವೈಸರ್ ಎಚ್ಚರಿಸಿದ್ದ. ಅವನು ಕೆಟ್ಟವನಲ್ಲ. ಅವನ ಹೆಂಡತಿಯೂ ಅಲ್ಲೇ ಗುಂಡಿ ಹೊಲಿಯುತ್ತಿದ್ದಳು.

ತಪಾಸಣೆಯ ಹೆಂಗಸು ಲೇಬಲ್ ಅಕ್ಕನ ಬಳಿ ನಿಂತಳು. “ಆ ಹಿಂದಿನ ಬಾಗಿಲು ಯಾವಾಗ್ಲೂ ತೆಗೆದಿರುತ್ತಾಮ್ಮ?”

ಸೂಪರ್‌ವೈಸರ್ ಬೇರೆ ಕಡೆ ನೋಡಿದ. ತಂಗಿ ತಲೆ ಎತ್ತದೆ ಎಡಗೈಯಿಂದ ಬಟ್ಟೆ ಎಳೆದುಕೊಳ್ಳುತ್ತಿದ್ದಳು.

“ಇವತ್ತು ತೆಗೆದಿದೆ,” ಎಂದಳು ಅಕ್ಕ.

ಅಷ್ಟು ಸಾಕಾಯಿತು. ಆ ಹೆಂಗಸು ಮತ್ತಷ್ಟು ಜನರನ್ನು ಕೇಳಿದಳು, ಮಾತು ಹೊರಬಿತ್ತು. ಕಾರ್ಖಾನೆಗೆ ಕೊಟ್ಟ ಗುರುತನ್ನು ಸಂಸ್ಥೆ ಹಿಂತೆಗೆದುಕೊಂಡಿತು. ಅದರ ಬೆನ್ನಿಗೇ ದೊಡ್ಡ ಆರ್ಡರೂ ಹೋಯಿತು. ಒಂದು ಪಾಳಿ ನಿಂತು ಹಲವರು ಮನೆಯಲ್ಲಿ ಕೂರಬೇಕಾಯಿತು. ಅಕ್ಕ ನೀರು ಕುಡಿಯಲು ಹೋದರೆ ನಲ್ಲಿಯ ಬಳಿ ಮಾತು ನಿಲ್ಲುತ್ತಿತ್ತು. ತಂಗಿಯೂ ಊಟದ ಡಬ್ಬಿ ಹಿಡಿದು ಬೇರೆ ಕಡೆ ಕೂತಳು.

“ನನ್ನ ಕೈಗೋಸ್ಕರ ಹೇಳಿದೆ ಅಂತ ಮಾತ್ರ ಅನ್ನಬೇಡ. ನಾನು ಕೇಳಿರಲಿಲ್ಲ,” ಎಂದಳು.

ಅಕ್ಕ ತನ್ನ ಡಬ್ಬಿ ಮುಚ್ಚಿ ಮೆಷಿನ್ನಿಗೆ ಮರಳಿದಳು.

ಕೊನೆಗೆ ಮಾಲೀಕರು ಮಣಿದರು. ಹಿಂದಿನ ಬಾಗಿಲಿಗೆ ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಚಿಲಕ ಬಂತು. ಮರುವರ್ಷ ಗುರುತು ಮತ್ತೆ ಸಿಕ್ಕಿತು, ಆರ್ಡರೂ ಬಂತು. ಕೆಲಸ ಕಳೆದುಕೊಂಡವರಲ್ಲಿ ಕೆಲವರು ಮರಳಲೇ ಇಲ್ಲ. ಸೂಪರ್‌ವೈಸರನ ಹೆಂಡತಿಯೂ ಮರಳಲಿಲ್ಲ. ಅವಳು ಬೀದಿಯಲ್ಲಿ ಎದುರಾದರೆ ಅಕ್ಕನೇ ತಲೆ ತಗ್ಗಿಸುತ್ತಿದ್ದಳು. ಅಕ್ಕನನ್ನು ಮೆಷಿನ್ನಿನಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಹಾಕಿದರು.

ಒಂದು ಭಾನುವಾರ ತಂಗಿ ಹೇಳದೆ ಕೇಳದೆ ಮನೆಗೆ ಬಂದು, ಅಕ್ಕನ ಎದುರು ಕೂತು ಬಟಾಣಿ ಸುಲಿಯತೊಡಗಿದಳು. ಸುಲಿಯುತ್ತಲೇ, “ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಬಿಡ್ತಿರಲಿಲ್ಲ ಕಣೆ,” ಎಂದಳು.

“ನಾನೂ ಬಿಡಬಾರದು ಅಂತಲೇ ಅವತ್ತು ಕೆಲಸಕ್ಕೆ ಹೋಗಿದ್ದೆ. ಎದುರಿಗೆ ನಿಂತು ಕೇಳಿದಾಗ ಸುಳ್ಳು ಬರಲಿಲ್ಲ.”

ತಂಗಿ ಸಂಜೆಯಾದರೂ ಹೊರಡದೆ, ಅಕ್ಕನ ಜೊತೆ ಊಟ ಮಾಡಿಯೇ ಹೋದಳು.